ಕಣಜದ ಗೂಬೆ, ಕೊಂಡುಕುರಿ ಮತ್ತು ಟೋಪಿ ಹಾಕಿದ ಬೆಕ್ಕು: ಮಕ್ಕಳ ಪತ್ತೇದಾರಿ ಕಥೆಗಳ ಒಂದು ಕಟ್ಟು

ದಾವಣಗೆರೆಯ ಪಿ.ಜೆ. ಬಡಾವಣೆಯ ಪುಸ್ತಕದಂಗಡಿಯೊಂದರಲ್ಲಿ ಕಳೆದ ವರ್ಷ ಪ್ರಾಣಿ ಪತ್ತೇದಾರರ ಕಥೆಗಳ ಐದು ಪುಸ್ತಕಗಳ ಕಟ್ಟೊಂದನ್ನು 450 ರೂಪಾಯಿಗೆ ಕೊಂಡೆ. ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಎಂದು ಹೊದಿಕೆಯ ಮೇಲೆ ಅಚ್ಚಾಗಿತ್ತು. ನಾನು ಪಾಠ ಮಾಡುವ ಐದನೇ ತರಗತಿಯ ಮಕ್ಕಳಿಗೆ ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಐದನ್ನೂ ಗಟ್ಟಿಯಾಗಿ ಓದಿ ಹೇಳಿ ಮುಗಿಸಿದ ಮೇಲೆ, ಅವರು ಎಲ್ಲಿ ಉಸಿರು ಬಿಗಿಹಿಡಿದು ಕೇಳಿದರು, ಎಲ್ಲಿ ಕಿಟಕಿಯ ಕಡೆ ನೋಡತೊಡಗಿದರು ಎಂಬುದನ್ನು ಕಂಡು ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಪ್ರಾಣಿಯೊಂದನ್ನು ಪತ್ತೇದಾರನನ್ನಾಗಿ ಮಾಡಿದ ಮೇಲೆ, ಅದರ ಮೂಗು, ಕಿವಿ, ಕಾಲು, ಅಭ್ಯಾಸಗಳಿಂದಲೇ ಗುಟ್ಟು ಬಯಲಾಗಬೇಕು. ಅದಕ್ಕೆ ಸಿಕ್ಕ ಸುಳಿವು ಓದುವ ಮಗುವಿಗೂ ಅದೇ ಹೊತ್ತಿಗೆ ಸಿಗಬೇಕು. ಇದು ಹೊಸ ನಿಯಮವೇನೂ ಅಲ್ಲ. ಪಂಚತಂತ್ರದ ನರಿ ತನ್ನ ಗುಹೆಯ ಬಾಗಿಲಲ್ಲಿ ಸಿಂಹದ ಹೆಜ್ಜೆಗಳು ಒಳಗೆ ಹೋಗಿರುವುದನ್ನೂ ಹೊರಗೆ ಬಾರದಿರುವುದನ್ನೂ ಗಮನಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಗುಹೆಯನ್ನೇ ಕೂಗಿ ಮಾತನಾಡಿಸಿ, ಒಳಗಿನ ಸಿಂಹ ತಾನಾಗಿಯೇ ಓಗೊಡುವಂತೆ ಮಾಡಿ ತನ್ನ ಅನುಮಾನವನ್ನು ಖಚಿತಪಡಿಸಿಕೊಳ್ಳುತ್ತದೆ. ಸುಳಿವು, ಅನುಮಾನ, ಪರೀಕ್ಷೆ ಮೂರೂ ಅಲ್ಲಿವೆ. ಈ ಕಟ್ಟಿನ ಮೂರು ಪುಸ್ತಕಗಳು ಆ ನರಿಯ ಕುಲಕ್ಕೆ ಸೇರಿದವು, ಎರಡು ಸೇರಿದವಲ್ಲ.

ಮೂರರಲ್ಲಿ ಶ್ರೇಷ್ಠವಾದದ್ದು ಕಣಜ ಗೂಬೆಯ ಕಥೆ. ರೈತನೊಬ್ಬನ ಮನೆಯಲ್ಲಿ ರಾತ್ರಿಯಾದರೆ ಜೋಳದ ಚೀಲ ಇಳಿಯುತ್ತಾ ಹೋಗುತ್ತದೆ, ಎಲ್ಲರೂ ಕೋತಿಯನ್ನು ದೂರುತ್ತಾರೆ. ಕಣಜ ಗೂಬೆಯ ಎರಡು ಕಿವಿಗಳು ಒಂದೇ ಮಟ್ಟದಲ್ಲಿಲ್ಲ, ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಹೀಗಾಗಿ ಸದ್ದು ಎರಡೂ ಕಿವಿಗಳನ್ನು ಒಂದೇ ರೀತಿ ಮುಟ್ಟುವುದಿಲ್ಲ, ಆ ವ್ಯತ್ಯಾಸದಿಂದಲೇ ಅದು ಕಗ್ಗತ್ತಲಲ್ಲೂ ಬೇಟೆಯ ಜಾಗವನ್ನು ಹಿಡಿಯುತ್ತದೆ. ಕಥೆ ನಿಂತಿರುವುದು ಈ ಸತ್ಯದ ಮೇಲೆ. ಗೂಬೆ ತೊಲೆಯ ಮೇಲೆ ಕುಳಿತು ಆಲಿಸುತ್ತದೆ: ಸರಸರ ಎಂದರೆ ಒಣ ಸೊಪ್ಪಿನ ಮೇಲೆ ಓಡಾಟ, ಕಟಕಟ ಎಂದರೆ ಹಲ್ಲು, ಪರಪರ ಎಂದರೆ ಉಗುರು ಮಣ್ಣನ್ನು ಕೆರೆಯುತ್ತಿದೆ. ಮೂರನೆಯ ಸದ್ದು ನೆಲದ ಮೇಲಿನಿಂದ ಬರದೆ ಗೋಡೆಯ ಬುಡದ ಒಳಗಿನಿಂದ ಬರುತ್ತಿದೆ ಎಂದು ಅದಕ್ಕೆ ತಿಳಿದಾಗ, ಕೋತಿಯ ಮೇಲಿನ ಆರೋಪ ಬಿದ್ದುಹೋಗಿ ಹೆಗ್ಗಣದ ಬಿಲ ಪತ್ತೆಯಾಗುತ್ತದೆ. ನಮ್ಮ ಭಾಷೆಯಲ್ಲಿ ಇಷ್ಟೊಂದು ಅನುಕರಣ ಪದಗಳಿರುವಾಗ ಅವನ್ನೇ ಸಾಕ್ಷ್ಯವನ್ನಾಗಿ ಬಳಸಬಹುದೆಂದು ಹೊಳೆದ ಲೇಖಕರಿಗೆ ನಾನು ಮನಸಾರೆ ಕೃತಜ್ಞಳು. ಇದು ಕನ್ನಡದಲ್ಲಿಯೇ ಹುಟ್ಟಿದ ಕಥೆ ಎಂಬುದು ಪ್ರತಿ ಪುಟದಲ್ಲೂ ಗೊತ್ತಾಗುತ್ತದೆ. ಆರನೇ ಪುಟದ ಚಿತ್ರದಲ್ಲಿ ಗೋಡೆಯ ಬುಡಕ್ಕೆ ಹಸಿ ಮಣ್ಣಿನ ಸಣ್ಣ ಗುಡ್ಡೆಯೊಂದಿದೆ. ಓದುವಾಗ ಅದನ್ನು ಯಾರೂ ಗಮನಿಸಲಿಲ್ಲ. ಕಥೆ ಮುಗಿದೊಡನೆ ಮಕ್ಕಳು ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಂಡು ಹಿಂದಿನ ಪುಟಗಳಿಗೆ ಹೋಗಿ ಅದನ್ನು ಹುಡುಕಿ ತೋರಿಸಿದರು.

ನಾಯಿಯ ಕಥೆ ಸರಳವಾದುದು. ಅದರ ಒಳ್ಳೆಯ ಗುಣವೆಂದರೆ ನಾಯಿ ಎಲ್ಲಿಯೂ ಮನುಷ್ಯರಂತೆ ಮಾತನಾಡುವುದಿಲ್ಲ. ಮೂಸುತ್ತದೆ, ಓಡುತ್ತದೆ, ಒಂದು ಬಾಗಿಲ ಮುಂದೆ ನಿಲ್ಲುತ್ತದೆ, ಅದರ ಅರ್ಥವನ್ನು ಜೊತೆಗಿರುವ ಹುಡುಗಿ ಬಿಡಿಸಿಕೊಳ್ಳಬೇಕು. ಇದನ್ನು ಓದುವಾಗ ತರಗತಿಯಲ್ಲಿ ತಾನಾಗಿಯೇ ತುಂಗಾಳ ಹೆಸರು ಬಂತು. ದಾವಣಗೆರೆ ಪೊಲೀಸ್ ಶ್ವಾನದಳದ ಡಾಬರ್‌ಮನ್ ತುಂಗಾ 2019ರಲ್ಲಿ ಕೊಲೆ ಆರೋಪಿಯೊಬ್ಬನ ಜಾಡು ಹಿಡಿದು 12 ಕಿಲೋಮೀಟರ್ ಓಡಿದ್ದನ್ನೂ, ಅದೇ ಹೆಸರು ಹೊತ್ತ ತುಂಗಾ 2 ಎಂಬ ನಾಯಿ 2024ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಕಡೆಯ ಪ್ರಕರಣದಲ್ಲಿ ಸುಮಾರು 8 ಕಿಲೋಮೀಟರ್ ಓಡಿ ಆರೋಪಿಯ ಮನೆಯನ್ನು ತೋರಿಸಿದ್ದರಿಂದ ಅಲ್ಲಿ ಹಲ್ಲೆಗೊಳಗಾಗಿದ್ದ ಮಹಿಳೆಯೊಬ್ಬರು ಬದುಕಿಕೊಂಡದ್ದನ್ನೂ ನಮ್ಮ ಜಿಲ್ಲೆಯ ಮಕ್ಕಳು ಮನೆಯಲ್ಲಿ ಕೇಳಿಯೇ ಇದ್ದಾರೆ. ಹಾಗಾಗಿ ಪುಸ್ತಕದ ನಾಯಿ ಒಂದು ಫರ್ಲಾಂಗಿನಲ್ಲೇ ಕಳ್ಳನನ್ನು ಹಿಡಿದಾಗ ಹಿಂದಿನ ಬೆಂಚಿನಿಂದ “ಇಷ್ಟೇನಾ ಮಿಸ್?” ಎಂಬ ಪ್ರಶ್ನೆ ಬಂತು. ಆ ಪ್ರಶ್ನೆ ನ್ಯಾಯವಾದದ್ದೇ. ಓಟವನ್ನು ಇನ್ನೂ ನಾಲ್ಕು ಪುಟ ಬೆಳೆಸಬಹುದಿತ್ತು.

ಮೂರನೆಯದರಲ್ಲಿ ಹುಲ್ಲೆಯ ಜಾತಿಗೆ ಸೇರಿದ ಕೊಂಡುಕುರಿಯೇ ನಾಯಕಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು ಈ ಪ್ರಾಣಿಗಾಗಿಯೇ ಘೋಷಿತವಾದ ವನ್ಯಜೀವಿಧಾಮವಾಗಿದ್ದರೂ ನನ್ನ ತರಗತಿಯ ಒಬ್ಬ ಮಗುವೂ ಅದನ್ನು ಕಂಡಿರಲಿಲ್ಲ. ಗಂಡಿಗೆ ಮಾತ್ರ ನಾಲ್ಕು ಕೊಂಬು, ಹೆಣ್ಣಿಗೆ ಕೊಂಬಿಲ್ಲ. ಹಿಕ್ಕೆ ಹಾಕಲು ಅದು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಈ ಎರಡೇ ಸಂಗತಿಗಳಿಂದ, ಕಾಣೆಯಾದ ಮರಿ ಯಾವಾಗ, ಯಾವ ದಿಕ್ಕಿಗೆ ಹೋಯಿತೆಂಬುದನ್ನು ತಾಯಿ ಲೆಕ್ಕ ಹಾಕುವ ಬಗೆ ಬಹಳ ಸೊಗಸಾಗಿದೆ. ಹಿಕ್ಕೆ ಎಂದಾಗ ಮಕ್ಕಳು ಮೊದಲು ನಕ್ಕರು, ಆಮೇಲೆ ಅದು ಹಸಿಯೋ ಒಣಗಿದ್ದೋ ಎಂದು ಗಂಭೀರವಾಗಿ ಕೇಳಿದರು.

ಉಳಿದೆರಡು ಅನುವಾದಗಳು. ಬೆಕ್ಕಿನ ಕಥೆಯಲ್ಲಿ ಬೆಕ್ಕು ಟೋಪಿ ಹಾಕಿ ಭೂತಗನ್ನಡಿ ಹಿಡಿದಿದೆ ಎಂಬುದನ್ನು ಬಿಟ್ಟರೆ ಅದು ಬೆಕ್ಕಾಗಿರಲು ಕಾರಣವೇ ಇಲ್ಲ. ಕತ್ತಲಲ್ಲಿ ಕಾಣುವ ಕಣ್ಣಿಗೂ ಮೀಸೆಗೂ ಅಲ್ಲಿ ಕೆಲಸವಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಕಳ್ಳ ಕೊನೆಯ ಪುಟದಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತಾನೆ. ಅಲ್ಲಿಯವರೆಗೆ ನೋಟ್‌ಬುಕ್ಕಿನಲ್ಲಿ ಅನುಮಾನಿತರ ಪಟ್ಟಿ ಬರೆದುಕೊಂಡಿದ್ದ ಮಕ್ಕಳಿಗೆ ಇದು ಮೋಸ. ಕರಡಿಯ ಪುಸ್ತಕದ ಚಿತ್ರಗಳಲ್ಲಿ ಹಿಮದ ನಾಡಿನ ಕಂದು ಕರಡಿ ಇದೆ, ಆದರೆ ಅದು ಗೆದ್ದಲಿನ ಹುತ್ತವನ್ನು ಬಗೆದು ತಿನ್ನುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಕಡೆಯಿಂದ ಬಂದು ನಮ್ಮ ಶಾಲೆಗೆ ಸೇರಿದ ಹುಡುಗಿಯೊಬ್ಬಳು ಎದ್ದು ನಿಂತು, ನಮ್ಮ ಕರಡಿ ಕಪ್ಪು, ಎದೆಯ ಮೇಲೆ ಬಿಳಿ ಪಟ್ಟೆ ಇರುತ್ತದೆ ಎಂದಳು. ಇವೆರಡರ ಭಾಷೆಯೂ ಮಕ್ಕಳದಲ್ಲ. “ತನಿಖೆಯನ್ನು ಕೈಗೊಳ್ಳಲಾಯಿತು” ಎಂಬಂಥ ವಾಕ್ಯ ಕಚೇರಿಯ ಸುತ್ತೋಲೆಗೆ ಒಪ್ಪೀತು. ಹತ್ತು ವರ್ಷದ ಮಗುವಿಗೆ “ಹುಡುಕಲು ಹೊರಟಿತು” ಎಂದರೆ ಸಾಕು.

ಅಕ್ಷರ ದಪ್ಪವಾಗಿದೆ, ಕಾಗದ ಚೆನ್ನಾಗಿದೆ, ಹೊಲಿಗೆ ಹಾಕದೆ ಪಿನ್ನು ಹೊಡೆದಿರುವುದರಿಂದ ಎರಡು ಪುಸ್ತಕಗಳ ನಡುವಿನ ಹಾಳೆಗಳು ಆಗಲೇ ಕಳಚಿವೆ. ಬಿಡಿಯಾಗಿ ಕೊಡುವುದಿಲ್ಲವೆಂದು ಅಂಗಡಿಯಲ್ಲಿ ಹೇಳಿದರು. ಹಾಗಿದ್ದರೂ ಮೊದಲ ಮೂರಕ್ಕಾಗಿ ಕಟ್ಟನ್ನು ಕೊಳ್ಳಬಹುದೆಂದೇ ನನ್ನ ಅಭಿಪ್ರಾಯ; ಶಾಲೆಯ ಗ್ರಂಥಾಲಯಕ್ಕೆ ಅಂತೂ ಕೊಳ್ಳಲೇಬೇಕು.

ಓದು ಮುಗಿದ ಮೇಲೆ ಮಕ್ಕಳು ತಾವೇ ಒಂದು ಕಥೆ ಕಟ್ಟತೊಡಗಿದ್ದಾರೆ. ಮಂಡಕ್ಕಿ ಭಟ್ಟಿಯಿಂದ ಒಂದು ಚೀಲ ಕಾಣೆಯಾಗಿದೆ, ಪತ್ತೆಗೆ ಮುಂಗುಸಿ ಬಂದಿದೆ. ಚೀಲ ತೂತಾಗಿದ್ದರೆ ದಾರಿಯುದ್ದಕ್ಕೂ ಮಂಡಕ್ಕಿ ಉದುರಿರಬೇಕಲ್ಲ ಎಂದು ಒಬ್ಬಳು ಹೇಳಿದಳು. ಬೆಳಗಾಗುವಷ್ಟರಲ್ಲಿ ಅದನ್ನು ಗುಬ್ಬಚ್ಚಿಗಳು ತಿಂದುಬಿಟ್ಟಿರುತ್ತವೆ ಎಂದು ಇನ್ನೊಬ್ಬ ಹೇಳಿದ. ಹಾಗಾದರೆ ಮುಂಗುಸಿ ಈಗ ಗುಬ್ಬಚ್ಚಿಗಳು ಎಲ್ಲೆಲ್ಲಿ ಇಳಿದಿದ್ದವು ಎಂಬುದನ್ನು ವಿಚಾರಿಸಬೇಕೆಂದು ತೀರ್ಮಾನವಾಗಿದೆ. ಕಥೆ ಸದ್ಯಕ್ಕೆ ಅಲ್ಲಿಗೆ ಬಂದು ನಿಂತಿದೆ.