ಕಾರು ಒಂದೇ, ಟ್ರ್ಯಾಕ್ ಮೂರು: ಕರಿ, ಮದ್ರಾಸ್, ಬುದ್ಧ್

ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಕಾರು ತಗೊಂಡವರನ್ನು ಟ್ರ್ಯಾಕ್ ಡೇಗೆ (ನಮ್ಮ ಕಾರನ್ನೇ ರೇಸ್ ಟ್ರ್ಯಾಕ್‌ನಲ್ಲಿ ಓಡಿಸೋ ದಿನ) ಎಲ್ಲಿಗೆ ಹೋಗ್ತೀರಿ ಅಂತ ಕೇಳಿದರೆ ಮೊದಲು ಬರೋದು ಬುದ್ಧ್ ಸರ್ಕ್ಯೂಟ್ ಹೆಸರು. ಫಾರ್ಮುಲಾ ಒನ್ ನಡೆದ ಜಾಗ, ಆಸೆ ಆಗೋದು ಸಹಜ. ನನ್ನ ಪೋರ್ಶೆ 718 ಕೇಮನ್ ಎಸ್ ಅನ್ನು ಮೂರೂ ಕಡೆ ಓಡಿಸಿದ ಮೇಲೆ ನನ್ನ ವೋಟು ಮಾತ್ರ ಚೆನ್ನೈ ಹತ್ತಿರದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗೆ.

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ವಿಷಯ ಬೇಗ ಮುಗಿಸಿಬಿಡುತ್ತೇನೆ. ಮಾರುತಿ ಇಂಜಿನ್ ಹಾಕಿ ಫಾರ್ಮುಲಾ ಮಾರುತಿ ಅನ್ನೋ ಒಂಟಿ ಸೀಟಿನ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್ ಇದು. ಉದ್ದ ಎರಡು ಕಿಲೋಮೀಟರ್‌ಗೆ ತುಸು ಜಾಸ್ತಿ. ಒಂದು ತಿರುವು ಮುಗಿಯೋದರೊಳಗೆ ಇನ್ನೊಂದು. 350 ಎಚ್‌ಪಿ ಇಟ್ಟುಕೊಂಡು ಎರಡನೇ ಗೇರ್, ಮೂರನೇ ಗೇರ್ ನಡುವೆ ಒದ್ದಾಡಬೇಕು. ಪೋಲೋ, ಸ್ವಿಫ್ಟ್ ತಂದವರು ನನಗಿಂತ ಖುಷಿಯಾಗಿರುತ್ತಾರೆ. ಆದರೂ ಹೊಸಬರಿಗೆ ಒಳ್ಳೆಯದೇ. ಕೇಮನ್‌ನಂಥ, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ತಿರುವಿನ ಮಧ್ಯೆ ಆಕ್ಸಿಲರೇಟರ್ ಒಂದು ಚೂರು ಜಾಸ್ತಿ ಒತ್ತಿದರೆ ಹಿಂಬದಿ ಹೇಗೆ ಜಾರುತ್ತೆ ಅನ್ನೋದು ಇಲ್ಲಿ ಕಡಿಮೆ ವೇಗದಲ್ಲೇ ಗೊತ್ತಾಗುತ್ತದೆ.

ಗ್ರೇಟರ್ ನೋಯ್ಡಾದ ಬುದ್ಧ್ ಬೇರೆಯದೇ ಲೋಕ. 5.1 ಕಿ.ಮೀ., 16 ತಿರುವು. 2011ರಿಂದ 2013ರವರೆಗೆ ಇಲ್ಲಿ ನಡೆದ ಮೂರೂ ಫಾರ್ಮುಲಾ ಒನ್ ರೇಸ್ ಗೆದ್ದವರು ಸೆಬಾಸ್ಟಿಯನ್ ವೆಟ್ಟೆಲ್. ಮೂರನೇ ತಿರುವಿನಿಂದ ನಾಲ್ಕನೆಯದರವರೆಗೆ ಒಂದು ಕಿಲೋಮೀಟರ್‌ಗೂ ಮೀರಿದ ನೇರ ದಾರಿ. ಅಲ್ಲಿ ಮೀಟರ್ 220 ಹತ್ತಿರ ಹೋಗುವಾಗ ಸಿಗುವ ಮಜಾ ಇನ್ನೆಲ್ಲೂ ಇಲ್ಲ, ಒಪ್ಪುತ್ತೇನೆ. ಕಷ್ಟ ಶುರುವಾಗೋದು ಆ ದಾರಿಯ ಕೊನೆಯಲ್ಲಿ. ವೇಗ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆ ಬಿಸಿಗೆ ಕೆಲವೇ ಲ್ಯಾಪ್‌ನಲ್ಲಿ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗುತ್ತದೆ. ಬ್ರೇಕ್ ಫ್ಲೂಯಿಡ್ ಹಳೆಯದಾಗಿ ನೀರಿನಂಶ ಎಳೆದುಕೊಂಡಿದ್ದರೆ ಇನ್ನೂ ಬೇಗ. ಹೊಸ ಫ್ಲೂಯಿಡ್, ಟ್ರ್ಯಾಕ್‌ಗೆ ತಕ್ಕ ಬ್ರೇಕ್ ಪ್ಯಾಡ್ ಇಲ್ಲದೆ ಅಲ್ಲಿಗೆ ಹೋಗಬೇಡಿ. ಜೊತೆಗೆ ಬೆಂಗಳೂರಿಂದ ಎರಡು ಸಾವಿರ ಕಿ.ಮೀ. ದೂರ. ಕಾರನ್ನು ಲಾರಿಯಲ್ಲಿ ಕಳಿಸಬೇಕು, ನಾವು ವಿಮಾನ ಹತ್ತಬೇಕು. ಆ ದುಡ್ಡಲ್ಲಿ ಟೈರ್ ಬರುತ್ತೆ, ಅಲ್ವಾ?

ಮದ್ರಾಸ್ ಟ್ರ್ಯಾಕ್ ಶ್ರೀಪೆರಂಬದೂರಿನ ಬಳಿ, ಇರುಂಗಾಟ್ಟುಕೋಟೈಯಲ್ಲಿದೆ. ಬೆಂಗಳೂರು-ಚೆನ್ನೈ ಹೆದ್ದಾರಿಯ ಪಕ್ಕದಲ್ಲೇ. ಮನೆಯಿಂದ ಓಡಿಸಿಕೊಂಡೇ ಹೋಗಬಹುದು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1990ರಲ್ಲಿ ಶುರುಮಾಡಿದ್ದು. 3.7 ಕಿ.ಮೀ., 12 ತಿರುವು. ತಿರುವುಗಳಿಗೆ ಅಲ್ಲಿ ಸಿ1, ಸಿ2 ಅಂತಲೇ ಕರೆಯುತ್ತಾರೆ. ಸಿ1 ನನಗೆ ಅಚ್ಚುಮೆಚ್ಚು. ನೇರ ದಾರಿಯ ಕೊನೆಗೆ ಬಲಕ್ಕೆ ತಿರುಗುವ ವೇಗದ ತಿರುವು. ಬ್ರೇಕ್ ಮೇಲೆ ನಿಲ್ಲುವ ಹಾಗಿಲ್ಲ, ಸುಮ್ನೆ ಬಿಡೋ ಹಾಗೂ ಇಲ್ಲ. ಒಂದು ಸಲ ಮೆಲ್ಲಗೆ ಒತ್ತಿ, ಬಿಟ್ಟು, ಸ್ಟೀರಿಂಗ್ ತಿರುಗಿಸಬೇಕು. ಇಂಜಿನ್ ಸೀಟಿನ ಹಿಂದೆಯೇ ಇರೋದರಿಂದ ಕೇಮನ್ ಮೂಗು ತಟ್ಟನೆ ಒಳಗೆ ಬರುತ್ತದೆ, ಹಿಂಬದಿ ತಣ್ಣಗೆ ಹಿಂಬಾಲಿಸುತ್ತದೆ. ಕೇಮನ್‌ನ ಈ ನಾಲ್ಕು ಸಿಲಿಂಡರ್ ಇಂಜಿನ್ ಸದ್ದು ಇಷ್ಟವಿಲ್ಲ ಅನ್ನುವವರೂ ಆ ಗಳಿಗೆಯಲ್ಲಿ ಸದ್ದಿನ ಯೋಚನೆ ಮಾಡಲಾರರು.

ಸೆಷನ್ ಮುಗಿಸಿ ಪಿಟ್‌ಗೆ ಬಂದು ಎಡಗಡೆ ಮುಂದಿನ ಟೈರ್ ನೋಡಿ. ಹೊರಅಂಚಿನಲ್ಲಿ ರಬ್ಬರ್ ಸುಕ್ಕುಗಟ್ಟಿ, ಸಣ್ಣ ಉಂಡೆಗಳಾಗಿ ಅಂಟಿರುತ್ತದೆ. ಬಲ ತಿರುವುಗಳೇ ಜಾಸ್ತಿ, ಭಾರವೆಲ್ಲ ಆ ಟೈರ್ ಮೇಲೆ. ಬಿಸಿಗೆ ಗಾಳಿ ಏರುವುದರಿಂದ ಬೆಳಿಗ್ಗೆ ಕಡಿಮೆ ಪ್ರೆಶರ್‌ನಲ್ಲಿ ಶುರುಮಾಡಿ, ಪ್ರತಿ ಸಲ ಒಳಗೆ ಬಂದಾಗ ಗೇಜ್ ಹಿಡಿದು ಇಳಿಸುತ್ತಾ ಹೋಗಬೇಕು.

ಇಲ್ಲಿನ ಶತ್ರು ಚೆನ್ನೈ ಬಿಸಿಲು. ಜನವರಿ, ಫೆಬ್ರವರಿಯಲ್ಲಿ ಬುಕ್ ಮಾಡಿ, ಸಿಕ್ಕರೆ ಬೆಳಗಿನ ಮೊದಲ ಸೆಷನ್ನೇ ತಗೊಳ್ಳಿ. ಮತ್ತೆ ಹೊರಡುವ ಮುಂಚೆ ಇನ್ಶೂರೆನ್ಸ್ ಪಾಲಿಸಿ ಒಮ್ಮೆ ಓದಿ. ರೇಸ್ ಮತ್ತು ವೇಗ ಪರೀಕ್ಷೆಯಲ್ಲಾದ ಹಾನಿಗೆ ಮಾಮೂಲಿ ಪಾಲಿಸಿ ದುಡ್ಡು ಕೊಡುವುದಿಲ್ಲ.