ಕೆನಡಿ ಸ್ಕೂಲ್, ಪೋರ್ಟ್‌ಲ್ಯಾಂಡ್: ಕರಿಹಲಗೆ ಉಳಿಸಿಕೊಂಡ ಹೋಟೆಲ್

ಮುಚ್ಚಿಹೋದ ಶಾಲೆಯ ಜಾಗದಲ್ಲಿ ಏನು ಮಾಡಬೇಕು ಅಂತ ಯಾರಾದರೂ ತಲೆ ಕೆಡಿಸಿಕೊಂಡಿದ್ದರೆ, ಮೊದಲು ಇಲ್ಲಿಗೆ ಬಂದು ಒಂದು ರಾತ್ರಿ ಉಳಿಯಲಿ. ಅಮೆರಿಕದ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಕಾಂಕಾರ್ಡಿಯಾ ಬಡಾವಣೆಯಲ್ಲಿದೆ ಈ ಹೋಟೆಲ್. ಮಗಳು ರೂಮ್ ಬುಕ್ ಮಾಡಿದ್ದಳು. ನಾನು ಪ್ರೈಮರಿ ಶಾಲೆಯ ಟೀಚರ್ ಆಗಿದ್ದವಳು, ಹಾಗಾಗಿ ನೋಡಿದ್ದೆಲ್ಲ ಟೀಚರ್ ಕಣ್ಣಿನಿಂದಲೇ.

ಮಲಗುವ ಕೋಣೆ ಅಂದರೆ ಹಿಂದಿನ ತರಗತಿ. ಗೋಡೆಯ ಮೇಲೆ ಹಳೆಯ ಕರಿಹಲಗೆ ಇದ್ದ ಹಾಗೇ ಇದೆ. ಸುಮ್ನೆ ಅಲಂಕಾರಕ್ಕೆ ತಂದು ನೇತುಹಾಕಿದ್ದಲ್ಲ. ಹಲಗೆಯ ಕೆಳಗಿನ ಪಟ್ಟಿಯ ಮೇಲೆ ಬೆರಳಾಡಿಸಿದೆ, ಸೀಮೆಸುಣ್ಣದ ಪುಡಿ ಅಂಟಿತು. ಮೊಮ್ಮಗಳು "ಅಜ್ಜಿ, ಬರೀಬಹುದಾ?" ಅಂದಳು. ಬರೆಯಲಿ ಅಂತಲೇ ಇಟ್ಟಿದ್ದಾರಲ್ಲ! ಮಂಚದ ಮೇಲೆ ನಿಂತು ಬರೆಯಬೇಡ ಅಂತ ಮಾತ್ರ ಹೇಳಿದೆ. ಮಕ್ಕಳು ಕೋಟು, ಚೀಲ ನೇತುಹಾಕುತ್ತಿದ್ದ ಪುಟ್ಟ ಕೋಣೆಗಳನ್ನೂ ಕೆಡವಿಲ್ಲ.

ಶಾಲೆ ಶುರುವಾಗಿದ್ದು 1915ರಲ್ಲಿ. ಕಟ್ಟಡದ ನಕ್ಷೆ ಫ್ಲಾಯ್ಡ್ ನಾರಮೋರ್ ಅವರದು. ಒಂದೇ ಅಂತಸ್ತು, ಉದ್ದಕ್ಕೆ ಹೋಗುವ ಕಾರಿಡಾರ್, ಎತ್ತರದ ಕಿಟಕಿಗಳು. ಮಕ್ಕಳ ಸಂಖ್ಯೆ ಇಳಿಯುತ್ತಾ ಬಂದು 1975ರಲ್ಲಿ ಬಾಗಿಲು ಹಾಕಿತು. ಆಮೇಲೆ ಕಟ್ಟಡ ಹಾಳು ಬಿದ್ದು, ಕೆಡವುವ ಮಾತು ಬಂತು. ಆಗ ಅಡ್ಡ ನಿಂತವರು ಅಕ್ಕಪಕ್ಕದ ನಿವಾಸಿಗಳು, ಅಲ್ಲೇ ಓದಿದವರು. ಮೈಕ್ ಮತ್ತು ಬ್ರಯಾನ್ ಮೆಕ್‌ಮೆನಮಿನ್ ಸಹೋದರರ ಕಂಪನಿ ಇದನ್ನು ರಿಪೇರಿ ಮಾಡಿ 1997ರಲ್ಲಿ ಹೋಟೆಲ್ ಆಗಿ ತೆರೆಯಿತು. ಜನ ಪಟ್ಟು ಹಿಡಿಯದಿದ್ದರೆ ಇವತ್ತು ನೋಡಲು ಏನೂ ಇರುತ್ತಿರಲಿಲ್ಲ.

ನಾನು ಪಾಠ ಮಾಡಿದ ಒಂದು ಶಾಲೆಯ ಗತಿ ಬೇರೆಯಾಯಿತು. ಪೂರ್ತಿ ನೆಲಸಮ ಮಾಡಿ ಫ್ಲ್ಯಾಟ್ ಕಟ್ಟಿದರು. ಗೇಟಿನ ಪಕ್ಕ ಒಂದು ಕಲ್ಲಿನ ಮೇಲೆ ಶಾಲೆಯ ಹೆಸರು ಕೆತ್ತಿಸಿದ್ದಾರೆ. ಅಲ್ಲಿ ಮಕ್ಕಳು ಎಲ್ಲಿ ಕೂರುತ್ತಿದ್ದರು, ಗಂಟೆ ಎಲ್ಲಿತ್ತು, ಆ ಕಲ್ಲು ಹೇಳುತ್ತದಾ? ಅದನ್ನು ಗೌರವ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇಲ್ಲಿ ಪ್ರತಿ ಕೋಣೆಯೂ ತನ್ನ ಹಳೇ ಕೆಲಸವನ್ನು ನೆನಪಿಸುತ್ತದೆ. ಊಟ ಹಾಕುವುದು ಶಾಲೆಯ ಊಟದ ಹಾಲ್‌ನಲ್ಲೇ. ಸಭೆ ನಡೆಯುತ್ತಿದ್ದ ಆಡಿಟೋರಿಯಂ ಈಗ ಸಿನಿಮಾ ಮಂದಿರ, ಕೂರಲು ಸೋಫಾಗಳಿವೆ. ಬಾಯ್ಲರ್ ಕೋಣೆಯ ಬಾರ್‌ನಲ್ಲಿ ಹಳೆಯ ಪೈಪುಗಳು ಹಾಗೇ ಕಾಣುತ್ತವೆ. 'ಡಿಟೆನ್ಷನ್' ಅಂತ ಒಂದು ಬಾರ್ ಇದೆ. ತಪ್ಪು ಮಾಡಿದ ಮಕ್ಕಳನ್ನು ಶಾಲೆ ಬಿಟ್ಟ ಮೇಲೂ ಕೂರಿಸುವ ಶಿಕ್ಷೆಯ ಹೆಸರು ಅದು. ನನಗೆ ಆ ಹೆಸರು ಹಿಡಿಸಲಿಲ್ಲ. ಮಗಳಿಗೆ ಹಿಡಿಸಿತು. ಇರಲಿ.

ನಾನು ಜಾಸ್ತಿ ಹೊತ್ತು ಕಳೆದಿದ್ದು ಕಾರಿಡಾರ್‌ನಲ್ಲಿ. ಗೋಡೆಯುದ್ದಕ್ಕೂ ಹಳೆಯ ವಿದ್ಯಾರ್ಥಿಗಳ ಫೋಟೋಗಳು, ಶಾಲೆಯ ಕಥೆಯನ್ನು ಹೇಳುವ ಚಿತ್ರಗಳು. ಗ್ರೂಪ್ ಫೋಟೋ ಮುಂದೆ ನಿಂತರೆ ಸಾಕು, ಯಾರು ಹಿಂದಿನ ಬೆಂಚಿನವರು ಅಂತ ಟೀಚರ್‌ಗೆ ತಕ್ಷಣ ಗೊತ್ತಾಗುತ್ತದೆ! ಬೇರೆ ಕಡೆ ಹಳೇ ಕಟ್ಟಡ ಅಂದರೆ ಗೋಡೆ, ಕಮಾನು ಅಷ್ಟೇ ಉಳಿಸುತ್ತಾರೆ. ಇಲ್ಲಿ ಓದಿದವರ ಮುಖಗಳೂ ಉಳಿದಿವೆ.

ಇನ್ನೊಂದು ಸಂಗತಿ ನನಗೆ ತುಂಬಾ ಮುಖ್ಯ. ಹೊರಾಂಗಣದಲ್ಲಿ ಬಿಸಿನೀರಿನ ಕೊಳವಿದೆ. ಹೋಟೆಲಿನ ಅತಿಥಿಗಳಿಗೆ ಮಾತ್ರವಲ್ಲ, ಸುತ್ತಮುತ್ತಲಿನ ನಿವಾಸಿಗಳಿಗೂ ಅದರಲ್ಲಿ ಅವಕಾಶವಿದೆ. ಶಾಲೆ ಅಂದರೆ ಬಡಾವಣೆಯ ಸ್ವತ್ತು ಅಲ್ವಾ? ಮಾಲೀಕರು ಬದಲಾದರೂ ಜನ ಒಳಗೆ ಬರುವ ಹಕ್ಕು ಉಳಿಯಬೇಕು. ಜೋಪಾನ ಮಾಡಿದ ಕಟ್ಟಡದ ಗೇಟಿನಲ್ಲಿ ಊರಿನವರನ್ನೇ ತಡೆದರೆ ಏನು ಬಂತು?

ಇದೇ ಕಂಪನಿ ವಾಷಿಂಗ್ಟನ್ ರಾಜ್ಯದ ಬಾಥೆಲ್‌ನಲ್ಲಿ 1931ರ ಆಂಡರ್ಸನ್ ಶಾಲೆಯನ್ನೂ 2015ರಲ್ಲಿ ಹೋಟೆಲ್ ಆಗಿ ತೆರೆದಿದೆ. ಅದನ್ನು ನಾನು ನೋಡಿಲ್ಲ.

ಹೋಗುವವರಿಗೆ ಒಂದು ಮಾತು. ಇಂಗ್ಲಿಷ್ ವಿಂಗ್ ಅನ್ನುವ ಭಾಗ 2012ರಲ್ಲಿ ಸೇರಿಸಿದ್ದು. ನಿಮಗೆ ಕರಿಹಲಗೆ ಇರುವ ಹಳೇ ತರಗತಿಯೇ ಬೇಕಿದ್ದರೆ ಬುಕ್ ಮಾಡುವಾಗಲೇ ಬಾಯಿಬಿಟ್ಟು ಕೇಳಿ. ಉಳಿಯಲು ಆಗದಿದ್ದರೂ ಊಟಕ್ಕೋ ಸಿನಿಮಾಗೋ ಬಂದು, ಕಾರಿಡಾರ್‌ನಲ್ಲಿ ಒಂದು ಸುತ್ತು ಹಾಕಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ.