ರೋಮ್‌ನ ಆಂಟಿಕ್ ಅಂಗಡಿಯಲ್ಲಿ ಕೊಂಡ ಎರಿಟ್ರಿಯಾ ಮಹಿಳೆಯ ತೈಲಚಿತ್ರ

ಈ ಭಾವಚಿತ್ರ ಕ್ಯಾನ್ವಾಸ್ ಮೇಲೆ ಬರೆದದ್ದು, ಸುಮಾರು 50 ಸೆಂ.ಮೀ. ಎತ್ತರ, 40 ಸೆಂ.ಮೀ. ಅಗಲ. ಹಿಂಬದಿಯ ಚೀಟಿಯಲ್ಲಿ ‘ಅಬಿಸೀನಿಯಾದ ಹೆಂಗಸು, ಅಸ್ಮಾರಾ’ ಎಂದಷ್ಟೇ ಇದೆ. ಅಬಿಸೀನಿಯಾ ಇಥಿಯೋಪಿಯಾ ಕಡೆಯ ನಾಡಿಗಿದ್ದ ಹಳೆಯ ಹೆಸರು, ಅಸ್ಮಾರಾ ಪೂರ್ವ ಆಫ್ರಿಕಾದ ಎರಿಟ್ರಿಯಾದ ರಾಜಧಾನಿ. ಕುಳಿತವಳ ಹೆಸರಿಲ್ಲ, ಇಸವಿಯಿಲ್ಲ, ಮೂಲೆಯ ಸಹಿಯನ್ನು ಓದಲಾಗುವುದಿಲ್ಲ. ಎರಿಟ್ರಿಯಾ 1890ರಿಂದ 1941ರವರೆಗೆ ಇಟಲಿಯ ವಸಾಹತಾಗಿದ್ದಾಗ ಇಂಥ ಚಿತ್ರಗಳು ಸಾಕಷ್ಟು ಬಂದವು. 1931ರಲ್ಲಿ ರೋಮ್‌ನಲ್ಲಿ, 1934ರಲ್ಲಿ ನೇಪಲ್ಸ್‌ನಲ್ಲಿ ವಸಾಹತು ಕಲೆಯ ಅಂತರರಾಷ್ಟ್ರೀಯ ಪ್ರದರ್ಶನಗಳೇ ನಡೆದಿದ್ದವು. ಆದ್ದರಿಂದ ವಿಷಯವೇ ಅಪರೂಪದ್ದೆಂದು ಹೇಳಿ ಯಾರಾದರೂ ಬೆಲೆ ಏರಿಸಿದರೆ ಒಪ್ಪಬೇಕಾಗಿಲ್ಲ.

ಕೆಲಸ ಮಾತ್ರ ನಿಜಕ್ಕೂ ಮೇಲ್ಮಟ್ಟದ್ದು. ಹಣೆಯಿಂದ ಹಿಂದಕ್ಕೆ ತಲೆಗೆ ಅಂಟಿದಂತೆ ಸಣ್ಣಗೆ ಹೆಣೆದು, ಹೆಗಲ ಬಳಿ ಬಿಡಿಯಾಗಿ ಹರಡಲು ಬಿಟ್ಟ ಕೂದಲನ್ನು ಕಲಾವಿದ ಎಳೆ ಎಣಿಸದೆಯೇ, ಕುಂಚದ ಹಿಡಿಯಿಂದ ಹಸಿಬಣ್ಣದಲ್ಲಿ ಗೀರಿ ತೋರಿಸಿದ್ದಾನೆ. ಅಲ್ಲಿನ ಹೆಂಗಸರು ಹೊದೆಯುವ ತೆಳ್ಳನೆಯ ಹತ್ತಿಯ ನೆಟ್ಸೆಲಾದಲ್ಲಿ ಬರಿಯ ಬಿಳಿ ಎಲ್ಲೂ ಇಲ್ಲ. ಮಡಿಕೆಗಳಲ್ಲಿ ನೀಲಿ ಬೆರೆತ ಬೂದು, ಬಟ್ಟೆ ಕುತ್ತಿಗೆಗೆ ತಾಗಿದ ಕಡೆ ಒಳಗಿನ ಮೈಬಣ್ಣ ಕಂಡೂ ಕಾಣದಂಥ ಕಂದು. ಮುಖದಲ್ಲಿ ಬಹಳ ಹೊತ್ತು ಕುಳಿತು ಬೇಸತ್ತವಳ ಬಿಗಿತವಿದೆ. ಅದನ್ನು ಮುಗುಳ್ನಗೆಯಾಗಿ ತಿದ್ದದೆ ಬಿಟ್ಟದ್ದಕ್ಕೆ ಆ ಅನಾಮಿಕ ಕಲಾವಿದನ ಬಗ್ಗೆ ನನಗೆ ಗೌರವ. ಕೈಗಳು ಅವಸರದ ಕೆಲಸ.

ಸ್ಥಿತಿಯ ಬಗ್ಗೆ ಅಂಗಡಿಯವರು ಪೂರ್ತಿ ಹೇಳಿರಲಿಲ್ಲ. ನೇರಳಾತೀತ ಟಾರ್ಚ್ ಹಿಡಿದಾಗ ಹಳೆಯ ವಾರ್ನಿಷ್ ಹಸಿರಾಗಿ ಹೊಳೆಯಿತು, ಎಡಗೆನ್ನೆಯ ಒಂದು ಭಾಗ ಮಾತ್ರ ಕಪ್ಪಾಗಿ ಉಳಿಯಿತು. ಅಂದರೆ ಅಲ್ಲಿ ನಂತರ ಬಣ್ಣ ಹಚ್ಚಿದ್ದಾರೆ. ತೋರಿಸಿದ ಮೇಲೆ ತಕರಾರಿಲ್ಲದೆ 900 ಯೂರೋವನ್ನು 750ಕ್ಕೆ ಇಳಿಸಿದರು.

ನನ್ನ ಆಕ್ಷೇಪ ಇರುವುದು ಅವರು ಚಿತ್ರದ ಜೊತೆ ಮಾರುವ ಕಥೆಯ ಬಗ್ಗೆ. ಈಕೆ ಒಬ್ಬ ಸೇನಾಧಿಕಾರಿಯ ಪ್ರೇಯಸಿ ಎಂದರು. ಕೇಳಿದರೆ ಪತ್ರವಿಲ್ಲ, ಬರಹವಿಲ್ಲ. ಇಟಾಲಿಯನ್ ಗಂಡಸರು ಸ್ಥಳೀಯ ಹೆಂಗಸರನ್ನು ಮನೆಯಲ್ಲಿಟ್ಟುಕೊಳ್ಳುತ್ತಿದ್ದ ‘ಮದಾಮಾತೊ’ ಎಂಬ ಪದ್ಧತಿ ಇದ್ದದ್ದು ನಿಜ. 1937ರಲ್ಲಿ ಮುಸೊಲಿನಿ ಸರ್ಕಾರ ಅದಕ್ಕೆ ಒಂದರಿಂದ ಐದು ವರ್ಷ ಸೆರೆವಾಸ ವಿಧಿಸಿದ್ದು ಹೆಂಗಸರ ಮೇಲಿನ ಕರುಣೆಯಿಂದಲ್ಲ, ಜನಾಂಗ ಬೆರೆಯಬಾರದೆಂಬ ನೀತಿಯಿಂದ. ಆ ಸಂಬಂಧಗಳನ್ನು ಪ್ರಣಯವೆಂದು ಬಣ್ಣಿಸಿ, ಗುರುತೇ ಗೊತ್ತಿಲ್ಲದ ಹೆಂಗಸಿಗೆ ಅಂಟಿಸುವುದು ವ್ಯಾಪಾರದ ಚಾಲಾಕಿಯಷ್ಟೇ.

ಕಾಗದಪತ್ರದ ಕೆಲಸ ಅಚ್ಚುಕಟ್ಟಾಗಿತ್ತು. 70 ವರ್ಷ ದಾಟಿದ, ಕಲಾವಿದ ಬದುಕಿಲ್ಲದ ಕೃತಿಯ ಬೆಲೆ 13,500 ಯೂರೋಗಿಂತ ಕಡಿಮೆಯಿದ್ದರೆ ಇಟಲಿಯಿಂದ ಹೊರಗೆ ಒಯ್ಯಲು ರಫ್ತು ಕಚೇರಿಗೆ ಸ್ವಯಂಘೋಷಣೆ ಸಲ್ಲಿಸಿದರೆ ಸಾಕು. ಅದನ್ನು ಅಂಗಡಿಯವರೇ ಮಾಡಿಕೊಟ್ಟರು. ಅಲ್ಲಿ ಕೊಳ್ಳುವವರು ಹಣ ಕೊಡುವ ಮೊದಲು ಚಿತ್ರದ ಹಿಂಬದಿಯನ್ನೂ ನೇರಳಾತೀತ ಬೆಳಕಿನಲ್ಲಿ ಮುಂಬದಿಯನ್ನೂ ನೋಡಲೇಬೇಕು, ಚೀಟಿಯಲ್ಲಿರುವುದನ್ನಷ್ಟೇ ರಸೀದಿಯಲ್ಲಿ ಬರೆಸಿಕೊಳ್ಳಬೇಕು.